ಸಂತೆಯ ಚೀಲವೂ ನಮ್ಮ ಆರೋಗ್ಯವೂ



ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವ ಋತುವಿನಲ್ಲಿ ಯಾವುದು ಪಥ್ಯ ಎಂಬ ವಿಷಯಗಳನ್ನು ವೈದ್ಯರು ಮೇಲಿಂದ ಮೇಲೆ ಹೇಳುತ್ತಿರುತ್ತಾರೆ. ಆದರೆ ಆ ಅಕ್ಕಿ, ಬೇಳೆ, ಕಾಯಿಪಲ್ಲೆಗಳು ಅಂಗಡಿಯಿಂದ ಅಡುಗೆಮನೆಯವರೆಗೆ ಬರುವ ದಾರಿಯ ಬಗ್ಗೆ ನಾವು ಮಾತನಾಡುವುದು ಕಡಿಮೆ. ಆ ದಾರಿಯುದ್ದಕ್ಕೂ ಯಾರದೋ ಒಬ್ಬರ ಹೆಗಲು, ಬೆನ್ನು ಮತ್ತು ಬೆರಳುಗಳು ಭಾರ ಹೊರುತ್ತವೆ. ಈ ಸಂಚಿಕೆಯಲ್ಲಿ ಆ ಭಾರದ ವಿಚಾರ ಮಾಡೋಣ.

ಈ ವಿಷಯವನ್ನು ನನಗೆ ಕಲಿಸಿದವರು ಒಬ್ಬ ರೋಗಿ. ಐವತ್ತು ದಾಟಿದ ಆ ತಾಯಿ ಬಲ ಹೆಗಲಿನ ನೋವಿಗಾಗಿ ನನ್ನ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಮೂರು ತಿಂಗಳು ತೈಲ ಕೊಟ್ಟೆ, ಶಾಖ ಕೊಡಿಸಿದೆ, ಕಷಾಯ ಕುಡಿಸಿದೆ. ನಾಲ್ಕು ದಿನ ಕಡಿಮೆಯಾಗುವುದು, ಮತ್ತೆ ಬರುವುದು. ಒಂದು ದಿನ ಸಂತೆಯಲ್ಲಿ ಅವರನ್ನು ಕಂಡೆ. ಅದೇ ಬಲ ಹೆಗಲಿಗೆ ತುಂಬಿದ ಚೀಲವೊಂದು ಜೋತು ಬಿದ್ದಿತ್ತು, ಮೈ ಪೂರಾ ಎಡಕ್ಕೆ ವಾಲಿತ್ತು. ಪರಿಚಯದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ 14 ಕಿಲೋ. "ಪ್ರತಿ ವಾರ ಇಷ್ಟ ಹೊರತೀರೇನ್ರಿ ತಾಯಿ?" ಎಂದು ಕೇಳಿದೆ. "ಮತ್ತ ಯಾರ ಹೊರಬೇಕ್ರಿ ಡಾಕ್ಟ್ರೇ?" ಎಂದರು. ಮೂರು ತಿಂಗಳು ನಾನು ನೋವಿಗೆ ಔಷಧ ಕೊಟ್ಟಿದ್ದೆ. ನೋವಿನ ಕಾರಣವನ್ನು ಕೇಳಿರಲಿಲ್ಲ. ಕಾರಣವನ್ನು ದೂರ ಮಾಡುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು ಎಂದು ನಾವು ಓದಿದ ಶಾಸ್ತ್ರವೇ ಹೇಳುತ್ತದೆ. ಆ ಮೆಟ್ಟಿಲನ್ನು ನಾನೇ ದಾಟಿ ಹೋಗಿದ್ದೆ.

ಚೀಲದ ನಿಜವಾದ ತೂಕ

ಸಂತೆಯ ಚೀಲ ಎಷ್ಟು ಭಾರವೆಂದು ಹೊರುವವರಿಗೇ ತಿಳಿದಿರುವುದಿಲ್ಲ. ಏಕೆಂದರೆ ಅದು ಒಮ್ಮೆಲೇ ತುಂಬುವುದಿಲ್ಲ. ಐದು ಜನರ ಒಂದು ಮನೆಗೆ ಬೇಕಾದ ಸಾಮಾನುಗಳ ಲೆಕ್ಕ ಹಾಕಿ ನೋಡಿರಿ. ಅಕ್ಕಿ 5 ಕಿಲೋ, ತೊಗರಿಬೇಳೆ 2 ಕಿಲೋ, ಸಕ್ಕರೆ ಮತ್ತು ಬೆಲ್ಲ ತಲಾ 1 ಕಿಲೋ, ಒಂದು ಲೀಟರ್ ಎಣ್ಣೆ, ಉಳ್ಳಾಗಡ್ಡಿ 2 ಕಿಲೋ, ಬಟಾಟಿ 1 ಕಿಲೋ, ಬದನೆ, ಹೀರೆ, ಟೊಮ್ಯಾಟೊ ಎಲ್ಲ ಸೇರಿ 3 ಕಿಲೋ, ಎರಡು ತೆಂಗಿನಕಾಯಿ, ಸಾಬೂನು ಇತ್ಯಾದಿ 1 ಕಿಲೋ. ಒಟ್ಟು ಸುಮಾರು 18 ಕಿಲೋ ಆಗುತ್ತದೆ. "18 ಕಿಲೋ ಹೊತ್ತು ಬಾ" ಎಂದು ಮನೆಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. "ಹೆಂಗೂ ಹೋಗೀದಿ, ಎರಡು ಕಿಲೋ ಉಳ್ಳಾಗಡ್ಡಿನೂ ತಗೊಂಡು ಬಾ" ಎನ್ನುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ. ಕಿಲೋ ಕಿಲೋ ಕೂಡಿದರೆ ಬೆನ್ನುನೋವು.

ಆದ್ದರಿಂದ ಮೊದಲ ಪಾಠವಿದು: ಒಂದು ಸಲವಾದರೂ ನಿಮ್ಮ ವಾರದ ಚೀಲವನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ ನೋಡಿರಿ.

ಶಾಸ್ತ್ರವು ಹೇಳುವ ಅರ್ಧಶಕ್ತಿಯ ನಿಯಮ

ತನ್ನ ಬಲವನ್ನು ಮೀರಿದ ಕೆಲಸಕ್ಕೆ ಆಯುರ್ವೇದವು 'ಸಾಹಸ' ಎಂದು ಹೆಸರಿಟ್ಟಿದೆ. ಇಂದು ನಾವು ಈ ಪದವನ್ನು ಮೆಚ್ಚುಗೆಯ ಅರ್ಥದಲ್ಲಿ ಬಳಸುತ್ತೇವೆ. ಚರಕ ಸಂಹಿತೆಯಲ್ಲಾದರೋ ಅದು ರೋಗಕಾರಣ. ದೇಹವನ್ನು ಒಣಗಿಸುವ ಶೋಷವೆಂಬ ವ್ಯಾಧಿಗೆ ಚರಕರು ಹೇಳಿದ ನಾಲ್ಕು ಕಾರಣಗಳಲ್ಲಿ ಸಾಹಸವೇ ಮೊದಲನೆಯದು. ಅತಿಯಾದ ಭಾರ ಹೊರುವುದನ್ನು ಅದರಲ್ಲಿಯೇ ಸೇರಿಸಿದ್ದಾರೆ. ಅತಿಭಾರದಿಂದ ವಾತವು ಕೆರಳುತ್ತದೆ. ಕೆರಳಿದ ವಾತವು ಹೆಗಲಿನಲ್ಲಿ ನೆಲೆಸಿ ಕೀಲು ಬಿಗಿದರೆ ಅವಬಾಹುಕ, ತೋಳಿನಿಂದ ಬೆರಳಿನವರೆಗೆ ಇಳಿದರೆ ವಿಶ್ವಾಚಿ, ಸೊಂಟದಿಂದ ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಸೆಳೆದರೆ ಗೃಧ್ರಸಿ ಎನ್ನಿಸಿಕೊಳ್ಳುತ್ತದೆ.

ಹಾಗಾದರೆ ಎಷ್ಟು ಹೊರಬಹುದು? ವ್ಯಾಯಾಮದ ಬಗ್ಗೆ ವಾಗ್ಭಟರು ಹೇಳಿದ ಅಳತೆಯನ್ನು ಇಲ್ಲಿಯೂ ಅನ್ವಯಿಸಬಹುದು. ಬಲವಂತರು ಚಳಿಗಾಲ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ಶ್ರಮಿಸಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಅರ್ಧಶಕ್ತಿ ಮುಗಿಯಿತೆಂದು ತಿಳಿಯುವ ಗುರುತುಗಳನ್ನೂ ಶಾಸ್ತ್ರಕಾರರು ಕೊಟ್ಟಿದ್ದಾರೆ: ಹಣೆ, ಮೂಗು, ಕಂಕುಳು ಮತ್ತು ಕೀಲುಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು. ಈ ಗುರುತು ಕಂಡ ಕೂಡಲೇ ಚೀಲವನ್ನು ಕೆಳಗಿಟ್ಟು ನಿಲ್ಲಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಈ ಗುರುತು ಬಹು ಬೇಗ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸಂತೆಯನ್ನು ಬೆಳಿಗ್ಗೆಯೇ ಮುಗಿಸುವುದು ಲೇಸು.

ಇನ್ನೊಂದು ಮಾತು. ತಡೆಯಬಾರದ ಹದಿಮೂರು ವೇಗಗಳನ್ನು ಚರಕರು ಎಣಿಸಿದ್ದಾರೆ. ಮಲ, ಮೂತ್ರ, ಸೀನು, ಆಕಳಿಕೆಗಳ ಜೊತೆಗೆ ಶ್ರಮದಿಂದ ಉಂಟಾಗುವ ಏದುಸಿರೂ ಅದರಲ್ಲಿ ಒಂದು. ಅದನ್ನು ತಡೆದರೆ ಹೃದಯದ ವ್ಯಾಧಿಗೆ ಕಾರಣವಾಗುತ್ತದೆ ಎಂದಿದ್ದಾರೆ. ಮೆಟ್ಟಿಲು ಹತ್ತುವಾಗ ಯಾರಾದರೂ ನೋಡುತ್ತಾರೆಂದು ಉಸಿರು ಬಿಗಿಹಿಡಿದು ನಡೆಯುವವರು ಈ ಮಾತನ್ನು ನೆನಪಿನಲ್ಲಿಡಬೇಕು. ನಿಂತು ಉಸಿರಾಡುವುದರಲ್ಲಿ ಯಾವ ಅವಮಾನವೂ ಇಲ್ಲ.

ಭಾರ ದೂರವಾದಷ್ಟೂ ಬೆನ್ನಿಗೆ ಹೊರೆ

ಸಂತೆಯ ತಕ್ಕಡಿಯನ್ನು ನೆನಪಿಸಿಕೊಳ್ಳಿರಿ. ಅದರ ಒಂದು ತೋಳು ಗಿಡ್ಡದಾಗಿ ಇನ್ನೊಂದು ಉದ್ದವಾಗಿದ್ದರೆ ಏನಾಗುತ್ತದೆ? ಉದ್ದ ತೋಳಿನ ತುದಿಯ ಸಣ್ಣ ತೂಕವನ್ನು ಸರಿದೂಗಿಸಲು ಗಿಡ್ಡ ತೋಳಿಗೆ ಹಲವು ಪಟ್ಟು ತೂಕ ಹಾಕಬೇಕಾಗುತ್ತದೆ. ನಮ್ಮ ಬೆನ್ನು ಅಂಥದೇ ತಕ್ಕಡಿ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಜನರು ಇವನ್ನು ಡಿಸ್ಕ್ ಎನ್ನುತ್ತಾರೆ. ಬೆನ್ನಿನ ಸ್ನಾಯುಗಳು ಈ ಬಿಲ್ಲೆಗಳಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ನಿಂತು ಎಳೆಯುತ್ತವೆ. 10 ಕಿಲೋ ಚೀಲವನ್ನು ಕೈ ಚಾಚಿ 40 ಸೆಂಟಿಮೀಟರ್ ಮುಂದೆ ಹಿಡಿದರೆ ಆ ಸ್ನಾಯುಗಳು 80 ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು. ಅದೇ ಚೀಲವನ್ನು ಹೊಟ್ಟೆಯ ಹತ್ತಿರ, 20 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ 40 ಕಿಲೋ ಸಾಕು. ತೂಕ ಬದಲಾಗಲಿಲ್ಲ, ಹಿಡಿಯುವ ಕ್ರಮದಿಂದಲೇ ಬೆನ್ನಿನ ಹೊರೆ ಅರ್ಧವಾಯಿತು.

ಒಂದೇ ಕೈಯಲ್ಲಿ ಹೊತ್ತಾಗಲೂ ಇದೇ ನ್ಯಾಯ. ಬಲಗೈಯಲ್ಲಿ 8 ಕಿಲೋ ಇದ್ದರೆ ಮೈ ಬೀಳದಂತೆ ಎಡಬದಿಯ ಸ್ನಾಯುಗಳು ಎಳೆಯುತ್ತಲೇ ಇರಬೇಕು. ಎರಡೂ ಕೈಗಳಲ್ಲಿ ತಲಾ 4 ಕಿಲೋ ಇದ್ದರೆ ತಕ್ಕಡಿ ಸಮವಾಗುತ್ತದೆ, ಬೆನ್ನು ನೆಟ್ಟಗೆ ನಿಲ್ಲುತ್ತದೆ. ತಲೆಯ ಮೇಲೆ ಹೊರುವ ನಮ್ಮ ಹಳೆಯ ಪದ್ಧತಿಯಲ್ಲಿ ಭಾರವು ಬೆನ್ನಿನ ನೇರಕ್ಕೆ ಇರುತ್ತದೆ ಎಂಬುದು ನಿಜ. ಆದರೆ ಅದು ಕುತ್ತಿಗೆಯ ಮಣಿಗಳನ್ನು ಒತ್ತುತ್ತದೆ. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ಎಲುಬು ಸವೆಯುವುದರಿಂದ, ಸಿಂಬೆ ಇಟ್ಟರೂ ಆ ವಯಸ್ಸಿನವರು ತಲೆಹೊರೆಯನ್ನು ಬಿಡುವುದು ಒಳ್ಳೆಯದು.

ಚೀಲ ಎಂಥದಿರಬೇಕು, ತುಂಬುವುದು ಹೇಗೆ?

ತೆಳ್ಳನೆಯ ಪ್ಲಾಸ್ಟಿಕ್ ಕೈಚೀಲಗಳನ್ನು ನಮ್ಮ ರಾಜ್ಯದಲ್ಲಿ 2016ರ ಮಾರ್ಚ್ ತಿಂಗಳಿನಲ್ಲಿಯೇ ನಿಷೇಧಿಸಲಾಗಿದೆ. ಆದರೂ ಅವು ಪೂರ್ತಿ ಮರೆಯಾಗಿಲ್ಲ. ಪರಿಸರದ ಮಾತನ್ನು ಬದಿಗಿಟ್ಟರೂ ಅವುಗಳ ಹಿಡಿಕೆ ದಾರದಂತೆ ಬೆರಳನ್ನು ಕೊರೆಯುತ್ತದೆ. ಮಧುಮೇಹದಿಂದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಬೆರಳು ಗಾಯಗೊಂಡದ್ದೂ ತಿಳಿಯುವುದಿಲ್ಲ. ದಪ್ಪ ಬಟ್ಟೆಯ, ಎರಡು ಬೆರಳು ಅಗಲದ ಹಿಡಿಕೆಯ, ಒಂದೇ ಅಳತೆಯ ಎರಡು ಚೀಲಗಳನ್ನು ಮನೆಯಲ್ಲಿಯೇ ಹೊಲಿಸಿಕೊಳ್ಳಿರಿ. ಚೀಲ ತೀರ ದೊಡ್ಡದಾಗಬಾರದು. ದೊಡ್ಡ ಚೀಲವನ್ನು ಕಂಡರೆ ತುಂಬುವ ಮನಸ್ಸಾಗುತ್ತದೆ. ಹಿಡಿಕೆಯು ಚೀಲ ಕಾಲಿಗೆ ಬಡಿಯುವಷ್ಟು ಉದ್ದವಿರಬಾರದು. ವಾರಕ್ಕೊಮ್ಮೆ ಚೀಲವನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು.

ತುಂಬುವ ಕ್ರಮ ಹೀಗಿರಲಿ:

1. ಮೊದಲು ಕಿರಾಣಿ ಸಾಮಾನು, ಆಮೇಲೆ ಕಾಯಿಪಲ್ಲೆ, ಕೊನೆಗೆ ಹಾಲು ಮೊಸರು. ಹಾಲನ್ನು ಮೊದಲೇ ಕೊಂಡು ಬಿಸಿಲಿನಲ್ಲಿ ಹೊತ್ತು ತಿರುಗಬಾರದು.

2. ಅಕ್ಕಿ, ಬೇಳೆ, ಬೆಲ್ಲ, ಬಟಾಟಿಗಳಂಥ ಭಾರದ ವಸ್ತುಗಳನ್ನು ಎರಡೂ ಚೀಲಗಳಲ್ಲಿ ಸಮನಾಗಿ ಹಂಚಿ ತಳದಲ್ಲಿಡಬೇಕು. ಟೊಮ್ಯಾಟೊ, ಮೆಂತ್ಯ, ರಾಜಗಿರಿ, ಪುಂಡಿಪಲ್ಯಗಳು ಮೇಲಿರಲಿ.

3. ಬಜ್ಜಿ, ಮಿರ್ಚಿಗಳನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳಬಾರದು. ಮುದ್ರಣದ ಮಸಿ ಬಿಸಿ ಎಣ್ಣೆಯ ಮೂಲಕ ಆಹಾರಕ್ಕೆ ಇಳಿಯುತ್ತದೆ. ಮನೆಯಿಂದ ಒಂದು ಡಬ್ಬಿ ಒಯ್ಯುವುದೇ ಉತ್ತಮ.

4. ಸಾಬೂನಿನ ಪುಡಿ, ಫಿನೈಲ್‌ಗಳನ್ನು ತಿನ್ನುವ ಪದಾರ್ಥದ ಚೀಲದಲ್ಲಿ ಇಡಬಾರದು. ಇಲಿಪಾಷಾಣ ಮತ್ತು ಹೊಲಕ್ಕೆ ಹೊಡೆಯುವ ಔಷಧಿಗಳನ್ನಂತೂ ಎಂದಿಗೂ ಇಡಕೂಡದು.

ಈ ನಾಲ್ಕನೆಯ ಸೂಚನೆಯನ್ನು ರೈತಬಂಧುಗಳು ವಿಶೇಷವಾಗಿ ಗಮನಿಸಬೇಕು. ಸಂತೆಯ ದಿನವೇ ಕ್ರಿಮಿನಾಶಕದ ಬಾಟಲಿ ಕೊಂಡು ಜೋಳದ ಹಿಟ್ಟಿನ ಪಕ್ಕದಲ್ಲಿಯೇ ಇಟ್ಟು ತರುವವರನ್ನು ನಾನು ಕಂಡಿದ್ದೇನೆ. ಬಸ್ಸಿನ ಕುಲುಕಾಟಕ್ಕೆ ಮುಚ್ಚಳ ಸಡಿಲವಾದರೆ ಸಾಕು. ವಿಷ ಸೋರಿದ ಹಿಟ್ಟು, ಕಾಳುಗಳನ್ನು ಜರಡಿ ಹಿಡಿದೋ ತೊಳೆದೋ ಬಳಸುವಂತಿಲ್ಲ, ದನಗಳಿಗೂ ಹಾಕುವಂತಿಲ್ಲ, ಹುಗಿದುಬಿಡಬೇಕು. ನೂರು ರೂಪಾಯಿಯ ಹಿಟ್ಟಿಗಿಂತ ಮನೆಮಂದಿಯ ಜೀವ ದೊಡ್ಡದು. ಔಷಧಿಗೆ ಬೇರೆ ಚೀಲ, ಅದಕ್ಕೆ ಬೇರೆ ಬಣ್ಣ ಇರಲಿ.

ಎತ್ತುವ ಮತ್ತು ಒಯ್ಯುವ ಕ್ರಮ

ಚೀಲದ ತೀರ ಹತ್ತಿರ ನಿಲ್ಲಬೇಕು. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ, ಒಂದು ಪಾದ ತುಸು ಮುಂದಿರಲಿ. ಸೊಂಟವನ್ನು ಬಗ್ಗಿಸದೆ ಮೊಣಕಾಲು ಮಡಿಸಿ ಕುಳಿತಂತೆ ಇಳಿಯಬೇಕು. ಚೀಲವನ್ನು ಮೈಗೆ ಹತ್ತಿರ ಎಳೆದುಕೊಂಡು, ಉಸಿರು ಬಿಡುತ್ತ, ತೊಡೆಗಳ ಬಲದಿಂದ ಏಳಬೇಕು. ಭಾರ ಕೈಯಲ್ಲಿರುವಾಗ ಸೊಂಟವನ್ನು ತಿರುಚಬಾರದು. ತಿರುಗಬೇಕಾದರೆ ಪಾದಗಳನ್ನೇ ತಿರುಗಿಸಬೇಕು. ಮೊಣಕಾಲು ಸವೆದವರು ನೆಲದಿಂದ ಎತ್ತುವುದನ್ನೇ ಬಿಡಬೇಕು. ಅಂಗಡಿಯ ಕಟ್ಟೆಯ ಮೇಲೆ ಚೀಲ ಇರಿಸಿಕೊಂಡು ಅಲ್ಲಿಂದಲೇ ಹಿಡಿದುಕೊಳ್ಳಬೇಕು.

ನನ್ನ ಚಿಕಿತ್ಸಾಲಯದಲ್ಲಿ ನಾನು ಹೇಳುವ ಅಂದಾಜು ಲೆಕ್ಕ ಇಷ್ಟೇ: ಆರೋಗ್ಯವಂತ ಮಧ್ಯವಯಸ್ಸಿನವರಿಗೆ ಒಂದೊಂದು ಕೈಗೆ 4 ರಿಂದ 5 ಕಿಲೋ, ಅರವತ್ತು ದಾಟಿದವರಿಗೆ 2 ರಿಂದ 3 ಕಿಲೋ. ಚೀಲ ಹಿಡಿದು ನಡೆಯುವಾಗ ಜೊತೆಗಾರರೊಡನೆ ನಿಲ್ಲದೆ ಮಾತನಾಡಲು ಸಾಧ್ಯವಾಗಬೇಕು. ಮಾತು ತುಂಡಾದರೆ ಭಾರ ಹೆಚ್ಚಾಯಿತೆಂದು ತಿಳಿಯಿರಿ. ಶಾಲೆಯ ಚೀಲವು ಮಗುವಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದು ಎಂದು ಕೇಂದ್ರ ಸರ್ಕಾರದ 2020ರ ನೀತಿ ಹೇಳುತ್ತದೆ. ಅಂಗಡಿಗೆ ಕಳಿಸಿದ ಮಗುವಿಗೂ ಅದೇ ಅಳತೆ. 25 ಕಿಲೋ ತೂಗುವ ಮಗುವಿನ ಕೈಗೆ ಎರಡೂವರೆ ಕಿಲೋಗಿಂತ ಹೆಚ್ಚು ಕೊಡಬೇಡಿರಿ.

2023ರ ಜೂನ್ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ದೂರದ ಪೇಟೆಗೆ ಹೋಗಿ ಬರುವುದು ಇದರಿಂದ ಸುಲಭವಾಯಿತು. ಪ್ರಯಾಣಕ್ಕೆ ಖರ್ಚಿಲ್ಲವಾದ್ದರಿಂದ ಒಂದೇ ಸಲ ಹೊರೆಗಟ್ಟಲೆ ತರುವ ಬದಲು ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ತರಬಹುದು. ಬಸ್ ಹತ್ತುವಾಗ ಮೊದಲು ಚೀಲವನ್ನು ಒಳಗಿನವರ ಕೈಗೆ ಕೊಟ್ಟು, ಬರಿಗೈಯಿಂದ ಕಂಬಿ ಹಿಡಿದು ಹತ್ತಿರಿ. ಇಳಿಯುವಾಗ ಚೀಲದೊಡನೆ ಜಿಗಿಯಬೇಡಿರಿ. ಬೈಕು, ಸ್ಕೂಟರುಗಳ ಹಿಡಿಕೆಗೆ ಚೀಲ ನೇತುಹಾಕಬೇಡಿರಿ; ತಿರುವಿನಲ್ಲಿ ಅದು ತೂಗಾಡಿ ಚಕ್ರವನ್ನು ಎಳೆಯುತ್ತದೆ. ಅಕ್ಕಿಯ ದೊಡ್ಡ ಚೀಲವನ್ನು ಟಂಟಂ ಗಾಡಿಯಲ್ಲಿ ತರಿಸಿರಿ. ಆ ಬಾಡಿಗೆಯನ್ನು ಉಳಿಸಿ ವೈದ್ಯರಿಗೆ ಕೊಡುವುದರಲ್ಲಿ ಲಾಭವಿಲ್ಲ.

ಯಾರು ಹೊರಬಾರದು?

ಗರ್ಭಿಣಿಯರು, ಬಾಣಂತಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಹರ್ನಿಯಾ ಇರುವವರು ಮತ್ತು ಗರ್ಭಕೋಶ ಜಾರಿದ ತಾಯಂದಿರು ಭಾರ ಎತ್ತಬಾರದು. ಗರ್ಭಕೋಶ ಜಾರಿದ್ದನ್ನು ಸಂಕೋಚದಿಂದ ಮನೆಯವರಿಗೂ ಹೇಳದೆ ವರ್ಷಗಟ್ಟಲೆ ನೀರು, ಕಟ್ಟಿಗೆ, ಸಂತೆ ಹೊರುವ ತಾಯಂದಿರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಅವರು ಹೇಳುವುದಿಲ್ಲ, ಮನೆಯವರೇ ಕೇಳಬೇಕು.

ಈ ಲಕ್ಷಣಗಳಿದ್ದರೆ ತಡಮಾಡಬೇಡಿರಿ

ಭಾರ ಹೊತ್ತಾಗ ಬರುವ ಎಲ್ಲ ನೋವೂ ಸ್ನಾಯುವಿನದಲ್ಲ. ಎರಡು ವರ್ಷಗಳ ಹಿಂದೆ ಒಬ್ಬ ಹಿರಿಯರು ಬಂದು, "ಡಾಕ್ಟ್ರೇ, ಗ್ಯಾಸ್ ಆಗೇದ್ರಿ, ಒಂದು ಚೂರ್ಣ ಕೊಡ್ರಿ" ಎಂದರು. ವಿಚಾರಿಸಿದಾಗ, ಚೀಲ ಹಿಡಿದು ಏರು ಹತ್ತುವಾಗ ಮಾತ್ರ ಎದೆ ಬಿಗಿಯುತ್ತದೆ, ನಿಂತರೆ ಐದು ನಿಮಿಷದಲ್ಲಿ ಹೋಗುತ್ತದೆ ಎಂದು ತಿಳಿಯಿತು. ನಾನು ಚೂರ್ಣ ಕೊಡಲಿಲ್ಲ. ಅಂದೇ ಅವರ ಮಗನನ್ನು ಕರೆಸಿ ಹೃದಯ ತಜ್ಞರ ಬಳಿ ಕಳುಹಿಸಿದೆ. ಹೃದಯದ ರಕ್ತನಾಳ ಕಟ್ಟಿಕೊಂಡಿರುವುದು ಪತ್ತೆಯಾಯಿತು, ಚಿಕಿತ್ಸೆಯೂ ಆಯಿತು. ಶ್ರಮಪಟ್ಟಾಗ ಬಂದು ನಿಂತಾಗ ಹೋಗುವ ಎದೆಬಿಗಿತವನ್ನು ವಾಯುವೆಂದು ತಳ್ಳಿಹಾಕಬೇಡಿರಿ. ನಿಂತ ಮೇಲೂ ಬಿಗಿತ ಹೋಗದೆ, ಬೆವರು, ವಾಕರಿಕೆ, ದವಡೆ ಅಥವಾ ಎಡತೋಳಿನ ನೋವು ಕೂಡಿದ್ದರೆ ಕೂಡಲೇ 108ಕ್ಕೆ ಕರೆಮಾಡಿರಿ.

ಭಾರ ಎತ್ತಿದ ಮೇಲೆ ಕಾಲು ಬಲಗುಂದಿದರೆ, ಪಾದ ಎತ್ತಲು ಬಾರದಿದ್ದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ಅದು ಎಣ್ಣೆ ತಿಕ್ಕುವ ನೋವಲ್ಲ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆಯುರ್ವೇದ ವೈದ್ಯನಾಗಿ ನಾನೇ ಈ ಮಾತನ್ನು ಹೇಳುತ್ತಿದ್ದೇನೆ.

ಮನೆಗೆ ಬಂದ ಮೇಲೆ

ಚೀಲವಿಟ್ಟ ತಕ್ಷಣ ಒಲೆಯ ಮುಂದೆ ನಿಲ್ಲಬೇಡಿರಿ. ಕಾಲು ಗಳಿಗೆ ಕುಳಿತು, ಏದುಸಿರು ಇಳಿದ ಮೇಲೆ ಸಾದಾ ಅಥವಾ ಬೆಚ್ಚನೆಯ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಸಾಮಾನ್ಯ ಆಯಾಸದ ನೋವಿಗೆ ರಾತ್ರಿ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ಹೆಗಲು, ಸೊಂಟಗಳಿಗೆ ಹಗುರವಾಗಿ ತಿಕ್ಕಿ, ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡಬಹುದು. ಬಾವು ಬಂದು ಕೆಂಪಾಗಿದ್ದರೆ ತಿಕ್ಕುವುದೂ ಬೇಡ, ಶಾಖವೂ ಬೇಡ. ಯಾರೋ ಹೇಳಿದರೆಂದು ಗುಗ್ಗುಳದ ಗುಳಿಗೆಗಳನ್ನಾಗಲಿ, ಅಂಗಡಿಯ ನೋವಿನ ಮಾತ್ರೆಗಳನ್ನಾಗಲಿ ತಾವೇ ನುಂಗಬಾರದು. ನೋವು ಎರಡು ವಾರ ಮೀರಿದರೆ ವೈದ್ಯರಿಗೆ ತೋರಿಸಿರಿ. ತೋರಿಸುವಾಗ ನೀವು ಏನನ್ನು ಹೊರುತ್ತೀರಿ, ಹೇಗೆ ಹೊರುತ್ತೀರಿ ಎಂಬುದನ್ನು ತಪ್ಪದೆ ಹೇಳಿರಿ. ವೈದ್ಯರು ಕೇಳದಿದ್ದರೂ ಹೇಳಿರಿ. ನಾನು ಕೇಳಿರಲಿಲ್ಲ.

ಕೊನೆಯ ಮಾತು

ಮೊದಲು ಹೇಳಿದ ಆ ತಾಯಿಯ ಮನೆಯವರನ್ನು ಕರೆಸಿ ಮಾತನಾಡಿದೆ. ತಿಂಗಳಿನ ಅಕ್ಕಿ, ಬೇಳೆಯನ್ನು ಮಗ ಗಾಡಿಯಲ್ಲಿ ತರುವುದೆಂದಾಯಿತು. ತಾಯಿಗೆ ಕಾಯಿಪಲ್ಲೆಯ ಎರಡು ಸಣ್ಣ ಚೀಲಗಳು ಮಾತ್ರ ಉಳಿದವು. ತೈಲವನ್ನು ಬದಲಿಸಲಿಲ್ಲ, ಕಷಾಯವನ್ನೂ ಬದಲಿಸಲಿಲ್ಲ. ಎರಡು ತಿಂಗಳಿನಲ್ಲಿ ಅವರು ತಮ್ಮ ತಲೆಯನ್ನು ತಾವೇ ಬಾಚಿಕೊಳ್ಳುವಂತಾದರು. ನೋವು ಪೂರ್ತಿ ಹೋಗಿದೆ ಎಂದು ಹೇಳಲಾರೆ. ಚಳಿಗಾಲದಲ್ಲಿ ಇನ್ನೂ ಒಮ್ಮೊಮ್ಮೆ ಬರುತ್ತಾರೆ.

"ಮತ್ತ ಯಾರ ಹೊರಬೇಕ್ರಿ?" ಎಂದು ಅವರು ಸಂತೆಯಲ್ಲಿ ಕೇಳಿದ ಪ್ರಶ್ನೆಗೆ ವೈದ್ಯಶಾಸ್ತ್ರದ ಯಾವ ಗ್ರಂಥದಲ್ಲಿಯೂ ಉತ್ತರವಿಲ್ಲ. ಅದಕ್ಕೆ ಮನೆಯವರೇ ಉತ್ತರ ಕೊಡಬೇಕು. ಉಣ್ಣುವವರು ಐವರಾದರೆ ಹೊರುವವರು ಒಬ್ಬರೇ ಏಕಾಗಬೇಕು? ಮುಂದಿನ ಸಂತೆಗೆ ಹೊರಡುವಾಗ ಎರಡು ಚೀಲಗಳನ್ನು ಒಯ್ಯಿರಿ. ಸಾಧ್ಯವಾದರೆ ಎರಡನೆಯ ಚೀಲಕ್ಕೆ ಮನೆಯ ಇನ್ನೊಬ್ಬರನ್ನೂ ಕರೆದೊಯ್ಯಿರಿ.